‘ಸ್ಟ್ರೀಟ್ ಸರ್ಕ್ಯೂಟ್’ ಎಂಬುದನ್ನು ‘ಓಟಬೀದಿ’ ಎನ್ನಬಹುದೇ?

ಮಾನ್ಯರೇ,

ಸಿಂಗಪುರದ ಮರೀನಾ ಬೇ ಬೀದಿಗಳಲ್ಲಿ ರಾತ್ರಿಯ ಹೊತ್ತು ನಡೆಯುವ ಫಾರ್ಮುಲಾ ಒನ್ ಸ್ಪರ್ಧೆಯನ್ನು ನೋಡಿ ಬಂದ ಮೇಲೆ, ಅದನ್ನು ಊರಿನಲ್ಲಿರುವ ಸೋದರಮಾವನಿಗೆ ಕನ್ನಡದಲ್ಲಿ ಬರೆದು ತಿಳಿಸಲು ಕುಳಿತೆ. ಆಗ ಎದುರಾದ ಎರಡು ತೊಡಕುಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮೊದಲನೆಯದು ಸಣ್ಣದು. ‘ರೇಸಿಗೆ ಹೋಗಿದ್ದೆ’ ಎಂದು ಬರೆದೊಡನೆ ಕೈ ತಡೆಯಿತು. ಬೆಂಗಳೂರು, ಮೈಸೂರುಗಳ ಆಡುಮಾತಿನಲ್ಲಿ ಈ ಮಾತಿಗೆ ಕುದುರೆಯ ಮೇಲೆ ಹಣ ಕಟ್ಟಲು ಹೋಗಿದ್ದೆ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ‘ಕಾರ್ ರೇಸ್ ನೋಡಲು ಹೋಗಿದ್ದೆ’ ಎಂದು ತಿದ್ದಿದಾಗ ಸರಿಹೋಯಿತು. ‘ಹಾಜರಿದ್ದೆ’ ಎನ್ನಲು ನನಗೆ ಮನಸ್ಸಿಲ್ಲ. ಹಾಜರಿ ಶಾಲೆಗೆ, ಕಚೇರಿಗೆ ಸೇರಿದ್ದು. ಜಾತ್ರೆಯನ್ನಾಗಲಿ ತೇರನ್ನಾಗಲಿ ನಾವು ನೋಡಲು ಹೋಗುತ್ತೇವೆ, ಇದೂ ಹಾಗೆಯೇ.

ಎರಡನೆಯದು ‘ಸ್ಟ್ರೀಟ್ ಸರ್ಕ್ಯೂಟ್’, ಅಂದರೆ ಊರಿನ ಬೀದಿಗಳನ್ನೇ ಕೆಲವು ದಿನ ಕಾರೋಟಕ್ಕೆ ಅಣಿಗೊಳಿಸಿದ ಸುತ್ತುದಾರಿ. ‘ಬೀದಿ ರೇಸ್’ ಎಂದರೆ ನಡುರಾತ್ರಿ ಹುಡುಗರು ಕಾನೂನು ಮೀರಿ ಬೈಕು ಓಡಿಸಿದ ಸುದ್ದಿಯಂತೆ ಕೇಳಿಸುತ್ತದೆ. ‘ರಸ್ತೆ ಓಟ’ ಕಾಲಿನಿಂದ ಓಡುವವರದ್ದು. ‘ಮಂಡಲ’ ಎಂದರೆ ಪಠ್ಯಪುಸ್ತಕದ ವಿದ್ಯುನ್ಮಂಡಲ ನೆನಪಾಗುತ್ತದೆ. ಕರಾವಳಿಯ ಕಂಬಳದಲ್ಲಿ ಕೋಣಗಳು ಓಡುವ ‘ಕರೆ’ ಬಹಳ ಸೊಗಸಾದ ಮಾತು, ಜೋಡುಕರೆ ಎಂಬ ಬಳಕೆಯೂ ಇದೆ; ಆದರೆ ಕರೆ ನೇರವಾದದ್ದು, ಓಟಕ್ಕೆಂದೇ ಕೆಸರು ಕಲಸಿ ಸಿದ್ಧಪಡಿಸಿದ್ದು.

ನನಗೆ ಬೇಕಾದ ಪದದಲ್ಲಿ ಮುಖ್ಯವಾಗಿ ಹೊಮ್ಮಬೇಕಾದದ್ದು, ಇದು ಉಳಿದ ದಿನಗಳಲ್ಲಿ ಊರಿನ ಸಾಮಾನ್ಯ ಬೀದಿ ಎಂಬ ಭಾವ. 2023ರಿಂದ ಮರೀನಾ ಬೇ ಸುತ್ತಿನ ಉದ್ದ ಸುಮಾರು 4.9 ಕಿಲೋಮೀಟರ್, ತಿರುವುಗಳು 19. ಓಟಗಾರರು ಅದನ್ನು 62 ಸಲ ಸುತ್ತಬೇಕು. ಪಡಾಂಗ್ ಮೈದಾನದ ಬದಿಯ ಸೇಂಟ್ ಆಂಡ್ರ್ಯೂಸ್ ರಸ್ತೆಯನ್ನು ದಾಟಿ, 1910ರಲ್ಲಿ ಕಟ್ಟಿದ ಇಕ್ಕಟ್ಟಾದ ಆಂಡರ್ಸನ್ ಸೇತುವೆಯ ಉಕ್ಕಿನ ಕಮಾನುಗಳೊಳಗೆ ಆ ಕಾರುಗಳು ನುಗ್ಗುವಾಗ ಆದ ಸದ್ದು ಎದೆಗೂಡಿನಲ್ಲಿ ನಡುಕ ಹುಟ್ಟಿಸಿತ್ತು. ಕೆಲವು ದಿನಗಳ ಬಳಿಕ ಅದೇ ಸೇತುವೆಯ ಮೇಲೆ ನಡೆದುಹೋದೆ. ತಡೆಗೋಡೆಗಳನ್ನು ಬಿಚ್ಚುತ್ತಿದ್ದರು, ಅತ್ತ ರಸ್ತೆಯಲ್ಲಿ ಬಸ್ಸು ಓಡುತ್ತಿತ್ತು, ದಾರಿಹೋಕರು ದೀಪ ಹಸಿರಾಗಲೆಂದು ಕಾಯುತ್ತಿದ್ದರು.

ಅಲ್ಲಿ ನಿಂತಾಗಲೇ ನನಗೆ ಉಡುಪಿಯ ರಥಬೀದಿ ನೆನಪಾದದ್ದು. ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳನ್ನು ಸುತ್ತುವರಿದಿರುವ ಆ ಬೀದಿಯಲ್ಲಿ ದಿನವೂ ಹೂವು ಮಾರುತ್ತಾರೆ, ಕೃಷ್ಣಮಠಕ್ಕೆ ಬಂದವರು ಅಡ್ಡಾಡುತ್ತಾರೆ. ಮಕರ ಸಂಕ್ರಾಂತಿಯಂದು ಅಲ್ಲಿಯೇ ಮೂರು ತೇರುಗಳು ಹೊರಡುತ್ತವೆ. ಉತ್ಸವ ಇರಲಿ ಇಲ್ಲದಿರಲಿ, ಹೆಸರು ಮಾತ್ರ ರಥಬೀದಿಯೇ. ಇಂಗ್ಲಿಷಿನಲ್ಲಿ ಅದನ್ನು ಕಾರ್ ಸ್ಟ್ರೀಟ್ ಎಂದೇ ಕರೆಯುವುದು ನನ್ನ ಹುಡುಕಾಟಕ್ಕೆ ಒದಗಿದ ಒಳ್ಳೆಯ ಕಾಕತಾಳೀಯ. ಇನ್ನೂ ಸಂತೋಷಪಟ್ಟದ್ದು ಪದದ ಮೂಲವನ್ನು ನೋಡಿದಾಗ: ‘ಬೀದಿ’ಯ ತತ್ಸಮವಾದ ‘ವೀಥಿ’ಗೆ ಸಂಸ್ಕೃತ ನಿಘಂಟುಗಳು ಸಾಲು, ದಾರಿ ಎಂಬ ಅರ್ಥಗಳ ಜೊತೆಗೆ ಕುದುರೆಗಳನ್ನು ಓಡಿಸುವ ಪಥ ಎಂಬ ಅರ್ಥವನ್ನೂ ಕೊಡುತ್ತವೆ. ಅಂದಮೇಲೆ ಓಟದ ಅರ್ಥವನ್ನು ಈ ಪದಕ್ಕೆ ನಾವು ಹೊಸದಾಗಿ ಹೊರಿಸಬೇಕಾಗಿಲ್ಲ. ರಥಬೀದಿಯ ಅಚ್ಚಿನಲ್ಲಿಯೇ ‘ಓಟಬೀದಿ’ ಎನ್ನಬಹುದೆಂದು ನನ್ನ ಸೂಚನೆ. ‘ಬೀದಿ’ ತದ್ಭವವಾದ್ದರಿಂದ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆಯುವ ಅರಿಸಮಾಸದ ಆಕ್ಷೇಪ ಇದಕ್ಕೆ ತಗಲುವುದಿಲ್ಲವೆಂದು ತಿಳಿದಿದ್ದೇನೆ, ತಪ್ಪಿದ್ದರೆ ತಿದ್ದಿ.

ಸುತ್ತಿನ ಎಣಿಕೆಗೆ ‘ಪ್ರದಕ್ಷಿಣೆ’ ಎಂಬ ಮಾತನ್ನೂ ತರಬಹುದೆಂದು ಒಂದು ಕ್ಷಣ ಆಸೆಯಾಯಿತು. ಆದರೆ ಸಿಂಗಪುರದಲ್ಲಿ ಕಾರುಗಳು ಓಡುವುದು ಅಪ್ರದಕ್ಷಿಣವಾಗಿ. ಅದನ್ನು ಪ್ರದಕ್ಷಿಣೆ ಎಂದರೆ ತಪ್ಪಾಗುತ್ತದೆ. ‘ಸುತ್ತು’ ಎಂಬ ಸರಳ ಪದವೇ ಸಾಕು.

ಈಗ ನನ್ನ ಪ್ರಶ್ನೆಗಳು. 1929ರಿಂದ ಓಟ ಕಂಡಿರುವ ಮೊನಾಕೊದ ಬೀದಿಗಳಿಗೂ, 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ವಿದ್ಯುತ್ ಕಾರುಗಳು ಓಡಿದ ರಸ್ತೆಗೂ ‘ಓಟಬೀದಿ’ ಎಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಅಥವಾ ‘ಕಾರೋಟದ ಬೀದಿ’ ಎಂದು ಬಿಡಿಸಿ ಹೇಳಲೇಬೇಕೇ? ಮೇಲುಕೋಟೆ, ನಂಜನಗೂಡುಗಳ ಕಡೆಯವರಲ್ಲಿ ಇನ್ನೊಂದು ಕೋರಿಕೆ ಇದೆ. ತೇರಿಗೆ ಮುನ್ನ ಬೀದಿಯನ್ನು ತೆರವು ಮಾಡಿ, ಅಡ್ಡವಿರುವ ತಂತಿ, ಚಪ್ಪರಗಳನ್ನು ತೆಗೆದು ಹಸನು ಮಾಡುವ ಕೆಲಸಕ್ಕೆ ನಿಮ್ಮಲ್ಲಿ ಹಿರಿಯರು ಬಳಸುವ ಬೇರೆ ಕ್ರಿಯಾಪದವೇನಾದರೂ ಇದೆಯೇ? ಓಟಕ್ಕೆ ಮುಂಚೆ ಸಿಂಗಪುರದ ಬೀದಿಯಲ್ಲಿ ತಡೆಗೋಡೆ ನಿಲ್ಲಿಸಿ ದೀಪ ಕಟ್ಟುವ ಸಿದ್ಧತೆಯನ್ನು ಬರೆಯುವಾಗ ‘ಮುಚ್ಚಿದರು’ ಎಂದರೆ ಅರ್ಧ ಮಾತ್ರ ಹೇಳಿದಂತಾಗುತ್ತಿದೆ. ಅಂಥ ಪದ ಸಿಕ್ಕಿದರೆ ಮಾವನಿಗೆ ಬರೆಯುವ ಪತ್ರದಲ್ಲಿ ಅದನ್ನೇ ಇಡುತ್ತೇನೆ.