ನಡೆದುಕೊಂಡು ಬಂದವರು ಡಿಸ್ಚಾರ್ಜ್ ದಿನ ಎದ್ದು ನಿಲ್ಲೋಕಾಗಲ್ಲ: ವಾರ್ಡಿನಲ್ಲಿ ತಡೆಯೋದು ಹೇಗೆ?

ವಾರ್ಡ್ ಸಿಸ್ಟರ್
30 ಹಾಸಿಗೆಯ ಮೆಡಿಕಲ್ ವಾರ್ಡ್. 65 ದಾಟಿದವರು ನ್ಯುಮೋನಿಯಾ, ಮೂತ್ರದ ಸೋಂಕು ಅಂತ ಸೇರ್ತಾರೆ. ಮೂರ್ನಾಲ್ಕು ದಿನಕ್ಕೆ ಜ್ವರ ಇಳಿಯುತ್ತೆ, ರಿಪೋರ್ಟೂ ಚೆನ್ನಾಗಿ ಬರುತ್ತೆ. ಆದರೆ ಮನೆಗೆ ಹೊರಡೋ ದಿನ ಇಬ್ಬರು ಹಿಡಿದರೂ ಕಾಲು ನಿಲ್ಲಲ್ಲ. ಫಿಸಿಯೋ ಒಬ್ಬರೇ, ಆರ್ಥೋ, ಐಸಿಯು ಮುಗಿಸಿ ಇಲ್ಲಿಗೆ ಬರುವಷ್ಟರಲ್ಲಿ ಐದನೇ ದಿನ. ಕೇಸ್ ಶೀಟಿನಲ್ಲಿ 'ಬೆಡ್ ರೆಸ್ಟ್' ಅಂತಿರುತ್ತೆ, ಕಾರಣ ಇರಲ್ಲ. ಫಿಸಿಯೋ ಬರೋದರೊಳಗೆ ನರ್ಸ್‌ಗಳು, ಜೊತೆಗಿರುವ ಮನೆಯವರು ಏನು ಮಾಡಿಸಬಹುದು? ಯಾವಾಗ ನಿಲ್ಲಿಸಬೇಕು ಅನ್ನೋದೂ ಖಚಿತವಾಗಿ ಬೇಕು.

ಫಿಸಿಯೋಥೆರಪಿಸ್ಟ್
ಸೇರಿಸಿಕೊಂಡ ದಿನವೇ ಮನೆಯವರನ್ನು ಕೇಳಿ: 'ಹುಷಾರು ತಪ್ಪೋ ಎರಡು ವಾರ ಮುಂಚೆ ಹೇಗೆ ಓಡಾಡ್ತಿದ್ದರು? ಸ್ನಾನ, ಶೌಚ ಒಬ್ಬರೇ ಮಾಡಿಕೊಳ್ತಿದ್ದರಾ?' ಉತ್ತರವನ್ನು ಶೀಟಿನ ಮೇಲ್ಭಾಗದಲ್ಲಿ ಬರೆಯಿರಿ. ಇದಿಲ್ಲದಿದ್ದರೆ ಮಲಗಿರುವ ರೋಗಿಯನ್ನು 'ಇವರು ಮೊದಲಿಂದ ಹೀಗೇ' ಅಂತ ಎಲ್ಲರೂ ತಿಳಿದುಬಿಡ್ತಾರೆ.

ಆಮೇಲೆ ಎಬ್ಬಿಸೋ ಕ್ರಮ. ತಲೆಭಾಗ ಎತ್ತರಿಸಿ ಐದು ನಿಮಿಷ ಬಿಡಿ. ಆ ಹೊತ್ತಿಗೆ ಪಾದ ಮೇಲೆ-ಕೆಳಗೆ ಆಡಿಸೋದು 20 ಸಲ. ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಲಿ. ಕೈ ಹಿಡಿದು ಎಳೆಯಬೇಡಿ. ಎರಡು-ಮೂರು ನಿಮಿಷ ಮಂಚದಂಚಿನಲ್ಲಿ ಕೂತಿರಲಿ. ನಮ್ಮ ಮಂಚಗಳು ಎತ್ತರ, ಪಾದ ನೆಲಕ್ಕೆ ತಾಗಲ್ಲ, ಮೈ ಮುಂದಕ್ಕೆ ಜಾರುತ್ತೆ. ಬೀಳೋದು ಹೆಚ್ಚಾಗಿ ಇಲ್ಲೇ. ಎತ್ತರ ಇಳಿಸಬಹುದಾದ ಮಂಚವಿದ್ದರೆ ಇಳಿಸಿ, ಇಲ್ಲದಿದ್ದರೆ ಅಲುಗಾಡದ ಅಗಲ ಮೆಟ್ಟಿಲು ಇಟ್ಟು ಇಬ್ಬರು ನಿಲ್ಲಿ. ಹಿಡಿತ ಸೊಂಟದ ಬೆಲ್ಟಿನಲ್ಲಿರಲಿ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಭುಜಕ್ಕೆ ಪೆಟ್ಟು.

ಮಲಗಿದ್ದಾಗ ಒಮ್ಮೆ, ನಿಂತ ಮೇಲೆ 1 ಮತ್ತು 3ನೇ ನಿಮಿಷಕ್ಕೆ ಬಿಪಿ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದು ತಲೆ ಸುತ್ತಿದರೆ ಮತ್ತೆ ಕೂರಿಸಿ, ಡಾಕ್ಟರಿಗೆ ಹೇಳಿ. ಎದೆನೋವು, ಹೊಸದಾಗಿ ಮಂಪರು, ನಾಡಿ 130 ದಾಟೋದು, ಸ್ಯಾಚುರೇಷನ್ (ರಕ್ತದ ಆಮ್ಲಜನಕ) ಶೇ. 90ಕ್ಕಿಂತ ಕೆಳಗಿಳಿಯೋದು (ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದರೆ ಡಾಕ್ಟರ್ ಹೇಳಿದ ಮಿತಿ) ಕಂಡರೂ ಅಲ್ಲಿಗೇ ನಿಲ್ಲಿಸಿ.

ಒಂದೇ ಒಂದು ನಿಯಮ ಜಾರಿಗೆ ತರೋದಾದರೆ ಇದನ್ನು ತನ್ನಿ: ಮೂರೂ ಹೊತ್ತಿನ ಊಟ ಕುರ್ಚಿಯಲ್ಲಿ. ಕೈಯಿರುವ, ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿ, ಹಿಂಭಾಗ ಗೋಡೆಗೆ ಒತ್ತಿರಬೇಕು. ಮೊದಲು 20 ನಿಮಿಷ, ನಿಧಾನಕ್ಕೆ ಒಂದು ಗಂಟೆ. ಏಳುವಾಗ ಕೂತು-ಎದ್ದು ಐದು ಸಲ. ತೊಡೆಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ವಾರ್ಡಿನಲ್ಲಿ ಸಿಗಲ್ಲ. ಆರೋಗ್ಯವಂತ ಹಿರಿಯರನ್ನೇ 10 ದಿನ ಮಲಗಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಾಲುಗಳಿಂದ ಹೆಚ್ಚುಕಡಿಮೆ 1 ಕೆಜಿ ಮಾಂಸಖಂಡ ಕರಗಿತ್ತು. ಸೋಂಕಿರುವ ದೇಹ ಇನ್ನೂ ಬೇಗ ಕಳೆದುಕೊಳ್ಳುತ್ತೆ.

ವೃದ್ಧರೋಗ ವೈದ್ಯೆ
ಮೇಲಿನದಕ್ಕೆ ಅಡ್ಡ ಬರೋದು ಪೈಪುಗಳು, ಸಿಸ್ಟರ್. ರೌಂಡ್ಸಿನಲ್ಲಿ ದಿನಾ ಕೇಳಿ: ಈ ಕ್ಯಾಥೆಟರ್ (ಮೂತ್ರದ ಪೈಪು) ಇವತ್ತೂ ಬೇಕಾ? ಡ್ರಿಪ್ ಬದಲು ಮಾತ್ರೆ ಸಾಕಾ? ಡೋಸ್ ಮುಗಿದ ಮೇಲೆ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ) ಮುಚ್ಚಿ ಸ್ಟ್ಯಾಂಡಿನಿಂದ ಬಿಡಿಸಿ. 'ಡೈಪರ್ ಇದೆಯಲ್ಲ' ಅನ್ನೋ ಅನುಕೂಲ ರೋಗಿಯ ದಿನದ ನಾಲ್ಕೈದು ನಡಿಗೆಯನ್ನೇ ಕಿತ್ತುಕೊಳ್ಳುತ್ತೆ; ಟಾಯ್ಲೆಟ್ಟಿಗೆ ನಡೆಸಿಕೊಂಡು ಹೋಗೋದೇ ಚಿಕಿತ್ಸೆ.

ರಾತ್ರಿ ನಿದ್ದೆಗೆ ಕೊಡೋ ಅಲ್ಪ್ರಜೋಲಾಮ್, ಅಲರ್ಜಿಗೆ ಕೊಡೋ ಫೆನಿರಮಿನ್ ಇಂಜೆಕ್ಷನ್ ಪಡೆದವರು ಬೆಳಿಗ್ಗೆ ಮಂಪರಲ್ಲಿದ್ದು ಬೀಳ್ತಾರೆ. ಅಂಥವು ಕಂಡರೆ ಪ್ರಶ್ನಿಸಿ. ಕನ್ನಡಕ, ಶ್ರವಣ ಯಂತ್ರ, ಹಲ್ಲಿನ ಸೆಟ್ ಮನೆಯಲ್ಲೇ ಬಿಟ್ಟು ಬಂದಿದ್ದರೆ ಅವತ್ತೇ ತರಿಸಿ.

'ಬೆಡ್ ರೆಸ್ಟ್'ಗೆ ಕಾರಣವೂ ಮುಗಿಯೋ ದಿನವೂ ಬರೆದಿರಬೇಕು. ಸ್ಥಿರಗೊಳಿಸದ ಮೂಳೆಮುರಿತ, ನಿಲ್ಲದ ರಕ್ತಸ್ರಾವ, ಹತೋಟಿಗೆ ಬಾರದ ಎದೆನೋವು ಸರಿಯಾದ ಕಾರಣಗಳು. ಬರೀ ವಯಸ್ಸು ಕಾರಣ ಅಲ್ಲ.

ನ್ಯೂರೋ ಫಿಸಿಯೋ
ಪಾರ್ಶ್ವವಾಯು ರೋಗಿಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಪಾರ್ಶ್ವವಾಯು ಆದವರನ್ನು ಬೇಗ ಎಬ್ಬಿಸಿ ನೋಡಿದ, 2015ರಲ್ಲಿ ಫಲಿತಾಂಶ ಬಂದ ಅವರ್ಟ್ (AVERT) ಪ್ರಯೋಗದಲ್ಲಿ 2,000ಕ್ಕೂ ಹೆಚ್ಚು ಜನರಿದ್ದರು. ಮೊದಲ 24 ಗಂಟೆಯೊಳಗೇ ಶುರುಮಾಡಿ ಜಾಸ್ತಿ ಹೊತ್ತು ನಡೆಸಿದ ಗುಂಪಿನ ಸ್ಥಿತಿ ಮೂರು ತಿಂಗಳ ನಂತರ ಉಳಿದವರಷ್ಟು ಚೆನ್ನಾಗಿರಲಿಲ್ಲ. ಮೊದಲ ದಿನ ವೈದ್ಯರ ಒಪ್ಪಿಗೆ ಪಡೆದೇ ಎಬ್ಬಿಸಿ. ಆಮೇಲೂ ಒಂದೇ ಸಲ ಅರ್ಧ ಗಂಟೆ ಬೇಡ, ಸ್ವಲ್ಪ ಸ್ವಲ್ಪ ಹೊತ್ತು, ಹಲವು ಸಲ.

ಡಯೆಟಿಷಿಯನ್
ಗಂಜಿ, ಬ್ರೆಡ್ಡು, ತಿಳಿಸಾರಲ್ಲಿ ಒಂದು ವಾರ ಕಳೆದರೆ ವ್ಯಾಯಾಮ ಎಷ್ಟು ಮಾಡಿಸಿದರೂ ಸ್ನಾಯು ಕಟ್ಟಿಕೊಳ್ಳಲ್ಲ. ಕಾಯಿಲೆ ಬಿದ್ದ ಹಿರಿಯರಿಗೆ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 50 ಕೆಜಿಯವರಿಗೆ ದಿನಕ್ಕೆ 60–75 ಗ್ರಾಂ. ಒಂದು ಮೊಟ್ಟೆಯಲ್ಲಿ 6, 200 ಮಿ.ಲೀ. ಹಾಲಿನಲ್ಲಿ 6–7, 100 ಗ್ರಾಂ ಮೊಸರಿನಲ್ಲಿ 3 ಗ್ರಾಂ ಚಿಲ್ಲರೆ. ಬೇಳೆ ಅಡಿಯಲ್ಲಿ ಉಳಿದು ತಿಳಿ ಮಾತ್ರ ಬಡಿಸೋದು ಮಾಮೂಲಿ ತಪ್ಪು; ಗಟ್ಟಿ ತೊವ್ವೆ ಕೊಡಿಸಿ. ಗಂಜಿಗೆ ಹಾಲು, ಹುರಿಗಡಲೆ ಪುಡಿ ಬೆರೆಸಿ. ಸ್ಕ್ಯಾನಿಗೆ ಹೋಗಿ ಊಟ ತಪ್ಪಿದವರ ತಟ್ಟೆ ಎತ್ತಿಡಿ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ನೆಫ್ರಾಲಜಿಸ್ಟ್ ಹೇಳಬೇಕು.

ವಾರ್ಡ್ ಸಿಸ್ಟರ್
ಕುರ್ಚಿ ಊಟ ನಾಳೆಯಿಂದಲೇ ಶುರು. 'ಸುಸ್ತಾಗಿದಾರೆ, ಮಲಗಲಿ ಬಿಡಿ ಸಿಸ್ಟರ್' ಅನ್ನೋ ಮನೆಯವರಿಗೆ ಏನು ಹೇಳಲಿ? ಮನೆಗೆ ಕಳಿಸಬಹುದು ಅಂತ ತಿಳಿಯೋದು ಹೇಗೆ?

ಫಿಸಿಯೋಥೆರಪಿಸ್ಟ್
ಆ ಸುಸ್ತಿನಲ್ಲಿ ಅರ್ಧ ಮಲಗಿದ್ದರಿಂದಲೇ ಬಂದಿದ್ದು ಅಂತ ನೇರವಾಗಿ ಹೇಳಿ, ಅವರ ಕೈಗೇ ಕೆಲಸ ಕೊಡಿ: ತಲೆದೆಸೆಗೆ ಒಂದು ಹಾಳೆ ಅಂಟಿಸಿ, ಕೂರಿಸಿದಾಗ, ನಡೆಸಿದಾಗ ಗೀಟು ಎಳೆಯಲಿ. ಮೊದಲ ಸಲ ನೀವು ಪಕ್ಕದಲ್ಲಿರಿ.

ಡಿಸ್ಚಾರ್ಜಿಗೆ ಮುಂಚೆ ಕೈ ಎದೆಗೆ ಕಟ್ಟಿಸಿ, ಕುರ್ಚಿಯಿಂದ ಐದು ಸಲ ಏಳಿಸಿ. 15 ಸೆಕೆಂಡ್ ದಾಟಿದರೆ ಕಾಲಿನ ಬಲ ಕಮ್ಮಿಯಿದೆ. ಕೈ ಊರದೆ ಒಮ್ಮೆಯೂ ಏಳಲಾರದವರು ಮನೆಯ ಇಂಡಿಯನ್ ಟಾಯ್ಲೆಟ್ಟಿನಿಂದ ಖಂಡಿತ ಏಳಲಾರರು. ಅಂಥವರಿಗೆ ಹೊರಡೋ ಮುಂಚೆಯೇ ಕಮೋಡ್ ಕುರ್ಚಿ ತರಿಸಿ, ಅದರಿಂದ ಎದ್ದು ಕೂರೋದನ್ನು ವಾರ್ಡಿನಲ್ಲೇ ಅಭ್ಯಾಸ ಮಾಡಿಸಿ.