ಎಂ101 ಗ್ಯಾಲಕ್ಸಿಯ ಸೂಪರ್‌ನೋವಾ (ಸಿಡಿದ ನಕ್ಷತ್ರ) ಸ್ಪೆಕ್ಟ್ರಮ್‌ನಲ್ಲಿ ಎರಡು ಹೆಚ್ಚುವರಿ ಗೆರೆ, ಜಾಗಾನೂ ಬದಲಾಗ್ತಾವೆ

ಸಪ್ತಾಪುರ_8ಇಂಚು (ಧಾರವಾಡ):
200 ಮಿ.ಮೀ. ನ್ಯೂಟೋನಿಯನ್, ಫೋಕಲ್ ಲೆಂತ್ 1000. ಸ್ಟಾರ್ ಅನಲೈಸರ್ 100 (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್), ಸೆನ್ಸರ್‌ಗೆ 50 ಮಿ.ಮೀ. ಅಂತರ. ಮೋನೊ ಕ್ಯಾಮೆರಾ, 3.75 ಮೈಕ್ರಾನ್ ಪಿಕ್ಸೆಲ್. ಅಭಿಜಿತ್ ನಕ್ಷತ್ರದಿಂದ ಕ್ಯಾಲಿಬ್ರೇಷನ್: ಪಿಕ್ಸೆಲ್‌ಗೆ 7.5 ಆಂಗ್‌ಸ್ಟ್ರಾಮ್ (ಬೆಳಕಿನ ತರಂಗಾಂತರದ ಅಳತೆ). ಸೂಪರ್‌ನೋವಾ ಎಸ್‌ಎನ್ 2023ಐಎಕ್ಸ್‌ಎಫ್, 2023ರ ಮೇ 22 ಮತ್ತು 30, ತಲಾ 60 ಸೆಕೆಂಡಿನ 40 ಫ್ರೇಮ್. ಪ್ರೊಫೈಲ್ ಪಟ್ಟಿಯ (ಸ್ಪೆಕ್ಟ್ರಮ್ ಅಳೆಯಲು ಫ್ರೇಮಿನಿಂದ ಆರಿಸಿದ ಭಾಗ) ಎತ್ತರ 80 ಪಿಕ್ಸೆಲ್.

22ರಂದು 5205 ಮತ್ತು 6760 ಆಂಗ್‌ಸ್ಟ್ರಾಮ್‌ನಲ್ಲಿ ಚೂಪು ಗೆರೆ. ಕ್ಯಾಮೆರಾ ಬಿಚ್ಚಿ ಮತ್ತೆ ಹಾಕಿದ ಮೇಲೆ, 30ರಂದು 4890 ಮತ್ತು 6446. ಬೀದಿದೀಪದ ಬೆಳಕೇ? ಇನ್ನೊಂದು: 22ರಂದು 4686ರಲ್ಲಿದ್ದ ಉಬ್ಬು 30ರಂದು ಇಲ್ಲ. ಫೋಕಸ್ ಹೋಯ್ತೆ?

ಕಪ್ಪತ್ತಗುಡ್ಡ_ರಾತ್ರಿ (ಗದಗ):
ಬೀದಿದೀಪ ಅಲ್ರಿ. ನಿಮ್ಮ ಸೆಟಪ್‌ನಾಗ ಸ್ಲಿಟ್ (ಬೆಳಕು ಒಳಗ ಬಿಡೂ ಕಿರಿದಾದ ಸೀಳು) ಇಲ್ಲ. ಆಕಾಶದ ಬೆಳಕು ಇಡೀ ಫ್ರೇಮಿಗೆ ಹರಡಿ ಹಿನ್ನೆಲಿ ಏರಸ್ತೈತಿ, ಗೆರಿ ಮಾಡೂದಿಲ್ಲ.

ಎರಡೂ ರಾತ್ರಿ ಗೆರಿಗಳ ನಡುವಿನ ಅಂತರ ನೋಡ್ರಿ: 1555, 1556. ಆಕ್ಸಿಜನ್‌ನ 5007 ಮತ್ತು ಹೈಡ್ರೋಜನ್‌ನ ಎಚ್-ಆಲ್ಫಾ 6563, ಅಂತರ ಅದೇ. ಸೂಪರ್‌ನೋವಾ ಪಕ್ಕದಾಗ ಅರ್ಧ ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಪಾಲು) ಆಸುಪಾಸಿನಾಗ ಎನ್‌ಜಿಸಿ 5461 ಐತಿ, ದೊಡ್ಡ ಹೈಡ್ರೋಜನ್ ಮೋಡ. ಅದು ಸೂಪರ್‌ನೋವಾದಿಂದ ಸರಿದಷ್ಟು ಅದರ ಗೆರಿನೂ ಸರೀತಾವ. 22ರಂದು 198 ಆಂಗ್‌ಸ್ಟ್ರಾಮ್, ಅಂದ್ರ 26 ಪಿಕ್ಸೆಲ್, ಆಕಾಶದಾಗ 20 ಆರ್ಕ್‌ಸೆಕೆಂಡ್. ಗ್ರೇಟಿಂಗ್ ಕೋನ ಬದಲಾದ್ರ ಈ ಸರಿತ ಬದಲಾಗ್ತೈತಿ. ಸೂಪರ್‌ನೋವಾದ ಸ್ವಂತ ಗೆರಿ ಕದಲೂದಿಲ್ಲ. ಪಟ್ಟಿ 12 ಪಿಕ್ಸೆಲ್‌ಗೆ ಇಳಿಸ್ರಿ, ಮ್ಯಾಲೆ-ಕೆಳಗ ಹಿನ್ನೆಲಿ ಬ್ಯಾರೆ ಕಳೀರಿ.

4686 ಮಾಯ ಆಗಿದ್ದು ಫೋಕಸ್‌ನಿಂದ ಅಲ್ಲ. ಅದು ಅಯಾನೀಕೃತ ಹೀಲಿಯಂ. ಸಿಡಿಯೂ ಮುಂಚೆ ನಕ್ಷತ್ರ ಉದುರಿಸಿದ ದಟ್ಟ ಅನಿಲಕ್ಕ ಸ್ಫೋಟದ ಬೆಳಕು ತಾಗಿ ಹೊಳೀತಿತ್ತು. ಸೆಕೆಂಡಿಗೆ 10,000 ಕಿ.ಮೀ. ವೇಗದಾಗ ಹೊಂಟ ಸಿಡಿತ 8 ದಿನಕ್ಕ ಸೂರ್ಯ-ಭೂಮಿ ದೂರದ ಸುಮಾರು 46 ಪಟ್ಟು ಹೋಗ್ತೈತಿ. ಅಷ್ಟರಾಗ ಆ ಹತ್ತಿರದ ಅನಿಲ ನುಂಗಿ ಹೋಗೈತಿ. ನಿಮ್ಮ ಎರಡು ರಾತ್ರಿ ನಡುವಿನ ವ್ಯತ್ಯಾಸ ಅದೇ, ಜ್ವಾಕಿ ಇಡ್ರಿ ಆ ಫ್ರೇಮು. ಸೂಪರ್‌ನೋವಾ 2010ಜೆಎಲ್‌ನಂಥಾದ್ರಾಗ ಅನಿಲ ಭಾಳ ದೂರದ ತನಕ ಇದ್ದಿದ್ದಕ್ಕ ಗೆರಿ ವರ್ಷಗಟ್ಟಲೆ ಉಳೀತು.

ಸಪ್ತಾಪುರ_8ಇಂಚು:
ಪಟ್ಟಿ 12 ಮಾಡಿದೆ, ಎರಡೂ ಗೆರೆ ಹೋದವು. ಆದರೆ 22ರ ಎಚ್-ಆಲ್ಫಾ 30 ಆಂಗ್‌ಸ್ಟ್ರಾಮ್ ಅಗಲ ಬರ್ತಿದೆ. ಸೆಕೆಂಡಿಗೆ 100 ಕಿ.ಮೀ. ವೇಗದ ಅನಿಲ ಅಂದ್ರೆ 2 ಆಂಗ್‌ಸ್ಟ್ರಾಮ್ ಇರಬೇಕಲ್ಲ?

ಕಪ್ಪತ್ತಗುಡ್ಡ_ರಾತ್ರಿ:
ಅದು ನಿಮ್ಮ ಉಪಕರಣದ ಅಗಲ. ಸ್ಲಿಟ್ ಇಲ್ಲದಾಗ ನಕ್ಷತ್ರದ ಚಿತ್ರಾನೇ ಸ್ಲಿಟ್. 3 ಆರ್ಕ್‌ಸೆಕೆಂಡ್ ಸೀಯಿಂಗ್ (ವಾತಾವರಣದಿಂದ ಚುಕ್ಕಿ ಹರಡೂದು) ಅಂದ್ರ 4 ಪಿಕ್ಸೆಲ್, 29 ಆಂಗ್‌ಸ್ಟ್ರಾಮ್. ಇದಕ್ಕಿಂತ ಕಿರಿದಾದ ಗೆರಿನೂ ಇಷ್ಟೇ ಅಗಲ ಕಾಣತೈತಿ. ಗೆರಿ ಐತೋ ಇಲ್ಲೋ ಅಂತ ಹೇಳಬಹುದು, ವೇಗ ಅಳಿಯಾಕ ಸ್ಲಿಟ್ ಸ್ಪೆಕ್ಟ್ರೋಗ್ರಾಫ್ ಬೇಕು. ಮುಂದಿನ ಸಲ ನಕ್ಷತ್ರದ ಚುಕ್ಕಿಗೆ ಫೋಕಸ್ ಮಾಡಬ್ಯಾಡ್ರಿ, ಅಭಿಜಿತ್‌ನ ಎಚ್-ಬೀಟಾ ಕಪ್ಪು ಗೆರಿ ಚೂಪಾಗೂ ತನಕ ಹೊಂದಸ್ರಿ. ನಮ್ಮ ಕಡೆ ಮೇ ಗಾಳಿಗೆ ಕೊಳವಿ ಅಲಗ್ತಿದ್ರ, ಅಲಗೂ ದಿಕ್ಕಿಗೆ ಅಡ್ಡಾಗಿ ಸ್ಪೆಕ್ಟ್ರಮ್ ಬರೂ ಹಂಗ ಗ್ರೇಟಿಂಗ್ ತಿರಗಸ್ರಿ. ಆಗ ಗೆರಿ ದಪ್ಪ ಆಗೂದಿಲ್ಲ.