ಕ್ರೂಸರ್ ಬೈಕ್‌ಗೆ ಎತ್ತರದ ಹ್ಯಾಂಡಲ್ ಹಾಕಿಸುವ ಮುಂಚೆ

ಪ್ರಶ್ನೆ: ಸರ್, ನನ್ನ ಕ್ರೂಸರ್‌ಗೆ ಭುಜದ ಮಟ್ಟಕ್ಕೆ ಬರುವ ಏಪ್ ಹ್ಯಾಂಗರ್ ಹ್ಯಾಂಡಲ್, ಮುಂದಕ್ಕೆ ಚಾಚಿದ ಫುಟ್‌ರೆಸ್ಟ್, ಬೇರೆ ಸೈಲೆನ್ಸರ್ ಹಾಕಿಸಬೇಕು ಅಂತಿದ್ದೇನೆ. ಎಲ್ಲಾ ಒಟ್ಟಿಗೆ ಮಾಡಿಸಬಹುದಾ?

ಉತ್ತರ: ಒಟ್ಟಿಗೆ ಬೇಡ. ಆಮೇಲೆ ಏನೋ ಸರಿಯಿಲ್ಲ ಅನಿಸಿದರೆ ಯಾವುದರಿಂದ ಅಂತ ಹುಡುಕುವುದೇ ಕಷ್ಟ. ಹ್ಯಾಂಡಲ್‌ನಿಂದ ಶುರು ಮಾಡಿ. ಆದರೆ ಅದು ಬರೀ ಒಂದು ಪೈಪ್ ಬದಲಾಯಿಸುವ ಕೆಲಸ ಅಲ್ಲ. ಎತ್ತರ ಹೆಚ್ಚಿದಂತೆ ಕ್ಲಚ್ ಕೇಬಲ್, ಎಕ್ಸಲೇಟರ್ ಕೇಬಲ್, ಬ್ರೇಕ್ ಹೋಸ್, ಸ್ವಿಚ್ಚಿನ ವೈರ್ ಎಲ್ಲಾ ಉದ್ದ ಬೇಕು. ಹಳೇ ಕೇಬಲ್ಲನ್ನೇ ಎಳೆದು ಹೊಂದಿಸಿಕೊಟ್ಟರೆ ಒಪ್ಪಬೇಡಿ. ಕೆಲಸ ಮುಗಿದ ಮೇಲೆ ಬೈಕನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಇಂಜಿನ್ ಸದ್ದು ತಾನಾಗಿ ಏರಿದರೆ ಎಕ್ಸಲೇಟರ್ ಕೇಬಲ್ ಬಿಗಿಯಾಗಿದೆ ಅಂತ. ನಾನು ಕೆಲಸ ಕಲಿಯುವಾಗ ಇದನ್ನು ನೋಡದೆ ಒಂದು ಬೈಕ್ ಹೊರಗೆ ತಂದಿದ್ದೆ. ಯೂ ಟರ್ನ್‌ನಲ್ಲಿ ಅದು ತಾನೇ ಮುಂದಕ್ಕೆ ಜಿಗಿಯಿತು. ಬಿದ್ದೆ.

ಎಷ್ಟು ಎತ್ತರ ಬೇಕು ಅನ್ನೋದಕ್ಕೆ ಒಂದು ಸುಲಭ ದಾರಿ ಇದೆ. ಯಾರಾದರೂ ಬೈಕನ್ನು ನೆಟ್ಟಗೆ ಹಿಡಿದುಕೊಳ್ಳಲಿ. ನೀವು ಕೂತು, ಕಣ್ಣು ಮುಚ್ಚಿ, ಕೈ ಸುಮ್ನೆ ಮುಂದೆ ಚಾಚಿ. ಮುಷ್ಟಿ ಎಲ್ಲಿ ನಿಲ್ಲುತ್ತೋ ಅಲ್ಲಿ ಹಿಡಿ ಬರಬೇಕು. ಕೈ ಭುಜಕ್ಕಿಂತ ಮೇಲಿದ್ದರೆ ಸ್ವಲ್ಪ ಹೊತ್ತಿಗೇ ಬೆರಳು ಜೋಮು ಹಿಡಿಯುತ್ತದೆ.

ಫುಟ್‌ರೆಸ್ಟ್ ಮುಂದೆ ಹೋದರೆ ಮೈಭಾರವೆಲ್ಲಾ ಬೆನ್ನಿನ ಬುಡಕ್ಕೆ ಬೀಳುತ್ತದೆ. ಗುಂಡಿ ಬಂದಾಗ ಕಾಲೂರಿ ಸ್ವಲ್ಪ ಏಳಲೂ ಆಗಲ್ಲ. ನೋಡಕ್ಕೆ ಚೆಂದ, ಅಷ್ಟೇ. ನನಗಂತೂ ಇಷ್ಟ ಇಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಸೈಲೆನ್ಸರ್ ಈಗಾಗಲೇ ಬದಲಾಯಿಸಿದ್ದೇನೆ. ಎಕ್ಸಲೇಟರ್ ಬಿಟ್ಟಾಗೆಲ್ಲ ಪಟ್ ಪಟ್ ಅಂತ ಸಿಡಿಯುತ್ತದೆ. ಜೊತೆಗೆ ಎಲ್‌ಇಡಿ ಇಂಡಿಕೇಟರ್ ಹಾಕಿಸಿದೆ, ಅದು ವಿಪರೀತ ವೇಗವಾಗಿ ಮಿನುಗುತ್ತಿದೆ.

ಉತ್ತರ: ಮೊದಲು ಪೈಪ್ ಸೇರುವ ಜಾಗದಲ್ಲಿ ಕಪ್ಪು ಮಸಿ ಇದೆಯಾ ನೋಡಿ. ಇದ್ದರೆ ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ರಿಂಗ್) ಲೀಕ್. ಅಲ್ಲಿಂದ ಗಾಳಿ ಒಳಗೆ ನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪಿನಲ್ಲೇ ಉರಿಯುತ್ತದೆ. ಲೀಕ್ ಇಲ್ಲದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಆಗಿರಬಹುದು. ಕಾರ್ಬುರೇಟರ್ ಆದರೆ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ), ಫ್ಯೂಯಲ್ ಇಂಜೆಕ್ಷನ್ ಆದರೆ ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಕಂಪ್ಯೂಟರ್ ಸೆಟ್ಟಿಂಗ್) ಸರಿಮಾಡಿಸಿ. ಎಲ್‌ಇಡಿ ಕರೆಂಟ್ ಕಮ್ಮಿ ಎಳೆಯುವುದರಿಂದ ಇಂಡಿಕೇಟರ್ ಮಿನುಗಿಸುವ ಹಳೇ ಫ್ಲ್ಯಾಶರ್ ರಿಲೇ, ಬಲ್ಬ್ ಹೋಗಿದೆ ಅಂದುಕೊಳ್ಳುತ್ತದೆ. ಎಲ್‌ಇಡಿಗೆ ಹೊಂದುವ ರಿಲೇ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪ್ರಶ್ನೆ: ನಾನು ಕುಳ್ಳಿ ಸರ್, ಕಾಲು ಪೂರ್ತಿ ನೆಲಕ್ಕೆ ತಾಗಲ್ಲ. ಹಿಂದಿನ ಶಾಕ್ಸ್ (ಶಾಕ್ ಅಬ್ಸಾರ್ಬರ್) ಗಿಡ್ಡ ಮಾಡಿಸಲಾ?

ಉತ್ತರ: ಅದು ಕೊನೆಗೆ ಮೇಡಂ. ಮೊದಲು ಸೀಟಿನ ಫೋಮ್ ಇಳಿಸಿ, ತೊಡೆ ತಾಗುವ ಮುಂಭಾಗವನ್ನು ಕಿರಿದು ಮಾಡಿಸಿ. ಕಾಲು ನೇರ ಇಳಿಯುತ್ತದೆ, ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು. ಶಾಕ್ಸ್ ಗಿಡ್ಡವಾದರೆ ತಿರುವಿನಲ್ಲಿ ಫುಟ್‌ರೆಸ್ಟ್ ಬೇಗ ನೆಲ ಉಜ್ಜುತ್ತದೆ, ಹೆಡ್‌ಲೈಟ್ ಮೇಲೆ ನೋಡುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಬಿಟ್ಟು ಬೈಕ್ ನೆಟ್ಟಗೆ ನಿಲ್ಲುತ್ತದೆ, ಸ್ವಲ್ಪ ತಳ್ಳಿದರೂ ಸ್ಟ್ಯಾಂಡ್ ಇಲ್ಲದ ಕಡೆಗೆ ಬೀಳುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಕಣ್ಣು ಮುಚ್ಚಿ ನೋಡಿದೆ ಸರ್. ನಾನು ಆರಿಸಿದ್ದಕ್ಕಿಂತ ಮುಷ್ಟಿ 4 ಇಂಚು ಕೆಳಗೇ ನಿಂತಿತು!

ಉತ್ತರ: ನೋಡಿದ್ರಾ! ಮುಷ್ಟಿ ನಿಂತ ಎತ್ತರದ್ದೇ ತಗೊಳ್ಳಿ. ಪೈಪಿನ ದಪ್ಪವನ್ನೂ ಅಳೆದುಕೊಳ್ಳಿ. 22 ಮಿ.ಮೀ., 25.4 ಮಿ.ಮೀ. ಎರಡೂ ಸಿಗುತ್ತವೆ, ಹ್ಯಾಂಡಲ್ ಹಿಡಿದಿಡುವ ನಿಮ್ಮ ಕ್ಲ್ಯಾಂಪಿಗೆ ಕೂರುವುದು ಅದರಲ್ಲಿ ಒಂದು ಮಾತ್ರ. ಹಳೇ ಹ್ಯಾಂಡಲ್ ಮಾತ್ರ ಮಾರಬೇಡಿ.